ಇಲ್ಲದ ಜಿಲ್ಲೆಯ ನಕಾಶೆ

ಧಾರವಾಡದಿಂದ ಸಿಡ್ನಿಗೆ ಬಂದಿಳಿದ ವಾರದಲ್ಲೇ ಗೌರಕ್ಕ ಮೋಸ ಹೋದಳು. ಅವತ್ತು ರಜೆ ಹಾಕಿದ್ದ ಸೊಸೆಯ ಕಾರು ಮಧ್ಯಾಹ್ನ ಮನೆ ಮುಂದೆ ನಿಂತಿತು. ಹಿಂದಿನ ಬಾಗಿಲು ತೆರೆದು ಮೊಮ್ಮಗಳು ಆದ್ಯಾ ಶಾಲೆಯ ಚೀಲ ಕುಣಿಸುತ್ತಾ ಜಿಗಿದಳು. ಜಿಗಿದವಳೇ "ಬಾ! ಬಾ!" ಎಂದು ಕೂಗಿದಳು. ಗೌರಕ್ಕನಿಗೆ ಎದೆ ತುಂಬಿಬಂತು. ಹಿಂದಿನ ಸಲ ಧಾರವಾಡಕ್ಕೆ ಬಂದಾಗ ತನ್ನ ಸೆರಗು ಹಿಡಿದುಕೊಂಡೇ ನಿದ್ದೆ ಹೋಗುತ್ತಿದ್ದ ಕೂಸು ಈಗ ಬಾಯಿ ತುಂಬ ಕರೆಯುತ್ತಿದೆಯಲ್ಲ! ಮೊಣಕಾಲ ನೋವು ಮರೆತು ಮೆಟ್ಟಿಲಿಳಿದು, "ಬಂದೆ ನನ್ನವ್ವಾ, ಬಂದೆ" ಎನ್ನುತ್ತಾ ಎರಡೂ ಕೈ ಚಾಚಿದಳು. ಆದ್ಯಾ ಆ ಕೈಗಳ ಪಕ್ಕದಿಂದ ಹಾದುಹೋಗಿ, ಪಕ್ಕದ ಮನೆಯ ಗೇಟಿನಲ್ಲಿ ನಿಂತಿದ್ದ ಒಬ್ಬ ಗಿಡ್ಡ ಮುದುಕಿಯ ಸೊಂಟ ಅಪ್ಪಿಕೊಂಡಳು.

"ವಿಯೆಟ್ನಾಮಿನವರು ಅಜ್ಜಿಗೆ ಬಾ ಅಂತಾರ, ಅತ್ತಿ" ಎಂದು ಸೊಸೆ ಸಂಧ್ಯಾರಾಣಿ ನಗುತ್ತಾ ಹೇಳಿದಳು. "ಆಕಿ ಹೆಸರು ಹ್ವೇ. ನಾವಿಬ್ರೂ ಆಫೀಸಿನಿಂದ ಬರೂತನಕ ಈಕಿನ್ನ ಆಕೀನ ನೋಡ್ಕೊಂಡಾಳ. ಮೂರು ವರ್ಷ ಆತು."

ಗೌರಕ್ಕ ಚಾಚಿದ್ದ ಕೈಗಳನ್ನು ಸೆರಗಿಗೆ ಒರೆಸಿಕೊಂಡಳು, ಒದ್ದೆಯಾಗಿದ್ದವು ಎಂಬಂತೆ.

ಅವಳು ಬಂದದ್ದೇ ಈ ಕೂಸಿಗಾಗಿ. ವೀಸಾ ಬಂದ ದಿನದಿಂದ ಗಂಡ ಶಂಭುಲಿಂಗನ ಮುಂದೆ ಅದನ್ನೇ ಹೇಳಿದ್ದಳು. ಅವನಿಗೆ ವಿಮಾನದಲ್ಲಿ ಕೂತರೆ ಕಿವಿ ನೋವು. ತಾನು ಬರಲಾರೆ, ನೀನು ಹೋಗಿ ಬಾ ಎಂದು ಕಳಿಸಿದ್ದ. ಶೇಂಗಾ ಹೋಳಿಗೆ, ಕರದಂಟು, ಹಸಿರು ಖಣದ ಕುಪ್ಪಸ, ಎಲ್ಲ ಹೊತ್ತು ತಂದಿದ್ದಳು. ಇನ್ನು ಮೇಲೆ ಶಾಲೆಯಿಂದ ಬಂದ ಹುಡುಗಿ ತನ್ನ ಕೈಯ ತಿಂಡಿ ತಿಂದು, ತನ್ನ ಮಗ್ಗುಲಲ್ಲಿ ಕೂತು ಕತೆ ಕೇಳುತ್ತಾಳೆ ಎಂದುಕೊಂಡಿದ್ದಳು. ಮಗ ಶಿವಪ್ರಕಾಶನೂ ಹಾಗೆಯೇ ಅಂದಿದ್ದ. ಆದರೆ ಹುಡುಗಿ ಬೂಟು ಬಿಚ್ಚಿ, ಅಜ್ಜಿ ಕೊಟ್ಟ ಹೋಳಿಗೆಯ ಒಂದು ತುದಿ ಮುರಿದು ಬಾಯಿಗೆ ಹಾಕಿಕೊಂಡು, "ಥ್ಯಾಂಕ್ಯೂ ಅಜ್ಜಿ" ಎಂದು ಪಕ್ಕದ ಮನೆಗೆ ಓಡುತ್ತಿದ್ದಳು. ಎರಡು ಮನೆಗಳ ನಡುವಿನ ತಗಡಿನ ಬೇಲಿಗೆ ಒಂದು ಸಣ್ಣ ಬಾಗಿಲಿತ್ತು. ಅದನ್ನು ಕೂಡಿಸಿದವನು ತನ್ನ ಮಗನೇ ಎಂದು ತಿಳಿದಾಗ ಗೌರಕ್ಕನಿಗೆ ಮಗನ ಮೇಲೂ ಸಿಟ್ಟು ಬಂತು.

ಪೆಂಡಲ್ ಹಿಲ್‌ನ ಇಂಡಿಯನ್ ಅಂಗಡಿಯಿಂದ ಚುರುಮರಿ ತರಿಸಿ ಗಿರಮಿಟ್ ಮಾಡಿದಳು. ಆದ್ಯಾ ಒಂದು ಬಟ್ಟಲನ್ನು ಬೇಲಿಯಾಚೆ ಒಯ್ದಳು, ಬಟ್ಟಲು ತುಂಬ ಬೇರೆ ಏನೋ ತುಂಬಿಕೊಂಡು ಬಂದಳು: ತೆಂಗಿನ ಹಾಲಿನಲ್ಲಿ ಬೆಂದ ಹೆಸರುಬೇಳೆ, ಸಕ್ಕರೆ. "ಬಾ ನಿಮಗೂ ಕೊಟ್ಟಾಳ, ಅಜ್ಜಿ." ಗೌರಕ್ಕ ಒಂದು ಚಮಚ ತಿಂದಳು. ರುಚಿಯಾಗಿತ್ತು. ಅದಕ್ಕೇ ಉಳಿದದ್ದನ್ನು ಸಿಂಕಿಗೆ ಸುರಿದಳು.

ಹ್ವೇ ಮುದುಕಿಗೆ ಗೌರಕ್ಕನಷ್ಟೇ ವಯಸ್ಸು. ಮೈ ಒಣಕಲು, ಕೂದಲು ಬಾಬ್, ಹೂವಿನ ಚಿತ್ರದ ಪ್ಯಾಂಟು. ತುಂಡು ತುಂಡು ಇಂಗ್ಲಿಷ್ ಬರುತ್ತಿತ್ತು. ಗೌರಕ್ಕನಿಗೆ ಅದೂ ಇಲ್ಲ. ಅವರಿಬ್ಬರೂ ಬೇಲಿಯ ಎರಡೂ ಕಡೆ ನಿಂತು ಏನಾದರೂ ಆಡಬೇಕಾದರೆ ನಡುವೆ ಆದ್ಯಾ ಬೇಕು. ಆ ಹುಡುಗಿ ಇಬ್ಬರ ಮಾತನ್ನೂ ಅತ್ತಿತ್ತ ಒಯ್ಯುವಾಗ ಹ್ವೇಯ ಮಾತಿಗೆ ಮುಖ ಅರಳಿಸುತ್ತಾಳೆ, ತನ್ನ ಮಾತಿಗೆ ಬರೀ ಬಾಯಿ ಆಡಿಸುತ್ತಾಳೆ ಎಂದು ಗೌರಕ್ಕನಿಗೆ ಅನ್ನಿಸುತ್ತಿತ್ತು. ನಿಜವಿತ್ತೋ ಇಲ್ಲವೋ, ಅವಳು ನೋಡುತ್ತಿದ್ದುದು ಅದನ್ನೇ.

ಮಾರ್ಚ್ ತಿಂಗಳಲ್ಲಿ ಆದ್ಯಾಳ ಶಾಲೆಯಲ್ಲಿ ಒಂದು ಕೆಲಸ ಕೊಟ್ಟರು. ಮಕ್ಕಳು ತಮ್ಮ ಅಜ್ಜ ಅಜ್ಜಿಯರ ಊರಿನ ಬಗ್ಗೆ ಒಂದು ದೊಡ್ಡ ಚಿತ್ರಪಟ ಮಾಡಬೇಕು, ಅಜ್ಜ ಅಜ್ಜಿಯರನ್ನು ಕರೆಸಿ ಅವರೆದುರು ಅದರ ಬಗ್ಗೆ ಮಾತಾಡಬೇಕು. ಸೊಸೆ ಇದನ್ನು ಹೇಳಿದಾಗ ಗೌರಕ್ಕ ಒಳಗೊಳಗೇ ಹಿಗ್ಗಿದಳು. ಮಾಳಮಡ್ಡಿಯ ಮನೆ, ಸಾಧನಕೇರಿ, ಪೇಡೆ ಅಂಗಡಿಯ ಮುಂದಿನ ಸಾಲು, ಹುಡುಗಿಗೆ ಏನೇನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಟ್ಟುಕೊಂಡಳು. ದಿನ ಕಳೆದವು. ಹುಡುಗಿ ಕೇಳಲು ಬರಲಿಲ್ಲ. ಒಂದು ಶನಿವಾರ ಊಟದ ಮೇಜಿನ ಮೇಲೆ ಹಾಸಿದ್ದ ಹಾಳೆ ಕಂಡು ಗೌರಕ್ಕ ಕನ್ನಡಕ ಹಾಕಿಕೊಂಡು ಬಗ್ಗಿದಳು. ನೀಲಿ ಕಡಲು. ಕಡಲಿನಿಂದ ಒಳಗೆ ಚಾಚಿಕೊಂಡ ಒಂದು ಹಿನ್ನೀರು. ದಂಡೆಯಲ್ಲಿ ತಟ್ಟೆಗಳನ್ನು ಪೇರಿಸಿಟ್ಟ ಹಾಗೆ ಕಪ್ಪು ಕಲ್ಲುಗಳು. ಬೇರೆ ಬೇರೆ ಬಣ್ಣ ತುಂಬಿದ ತುಂಡುಗಳು, ಒಂದೊಂದರ ಮೇಲೂ ಹೆಸರು.

"ಇದೇನವಾ, ಧಾರವಾಡದಾಗ ಸಮುದ್ರ ಎಲ್ಲಿಂದ ತಂದಿ?"

"ಧಾರವಾಡ ಅಲ್ಲ ಅಜ್ಜಿ. ದಿಸ್ ಈಸ್ ಫು ಯೆನ್. ಬಾ ಅವರ ಪ್ರಾವಿನ್ಸ್." ಆದ್ಯಾ ಬಣ್ಣದ ಪೆನ್ಸಿಲಿನಿಂದ ತೋರಿಸತೊಡಗಿದಳು. "ಇದು ಸಿಟಿ, ಟುಯ್ ಹೋವಾ. ಇದು ಟೌನು, ಸೋಂಗ್ ಕಾವ್. ಈ ಹಸಿರು ಐತಲ್ಲ, ಇದು ಟುಯ್ ಆನ್ ಡಿಸ್ಟ್ರಿಕ್ಟು. ಬಾ ಹುಟ್ಟಿದ್ದು ಇಲ್ಲೇ. ಈ ಕಲ್ಲು ರಿಯಲ್, ಅಜ್ಜಿ! ಬಾ ಸಣ್ಣಾಕಿದ್ದಾಗ ಇದರ ಮ್ಯಾಲೆ ಮೀನು ಒಣಗಸ್ತಿದ್ಲಂತ."

"ಮತ್ತ ನಮ್ಮೂರು?"

ಹುಡುಗಿ ತಲೆ ಎತ್ತಿದಳು. ಅವಳ ಮುಖದಲ್ಲಿ ತಪ್ಪಿತಸ್ಥ ಭಾವವೂ ಇರಲಿಲ್ಲ, ಅದೇ ಗೌರಕ್ಕನಿಗೆ ಹೆಚ್ಚು ಚುಚ್ಚಿತು. "ಎವ್ರಿಬಡಿ ಇಂಡಿಯಾ ಮಾಡ್ತಾರ, ಅಜ್ಜಿ. ನಮ್ಮ ಕ್ಲಾಸಿನ್ಯಾಗ ಭಾಳ ಮಂದಿ ಇಂಡಿಯಾನ."

ಗೌರಕ್ಕ ಅಡುಗೆಮನೆಗೆ ಹೋಗಿ, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದಳು.

ಆ ರಾತ್ರಿ ಊಟಕ್ಕೆ ಕೂತಾಗ ಹುಡುಗಿ ಆಗಲೇ ಉಂಡು ಎದ್ದುಹೋಗಿದ್ದಳು. ಶಿವಪ್ರಕಾಶ ರೊಟ್ಟಿ ಮುರಿಯುತ್ತಾ ಚಿತ್ರಪಟದ ಮಾತೆತ್ತಿದ. ಅವನು ಪ್ಯಾರಮಟ್ಟಾದ ಆಫೀಸಿನಲ್ಲಿ ಸರಕು ಸಾಗಣೆಯ ಸಾಫ್ಟ್‌ವೇರ್ ನೋಡಿಕೊಳ್ಳುವವನು. ಹೊರದೇಶಗಳ ವಿಳಾಸಗಳೆಲ್ಲ ಅವನ ತಂಡದ ಕೆಲಸ.

"ಚಿತ್ರ ಛಲೋ ತಗದಾಳ. ಆದ್ರ ಆ ಫು ಯೆನ್ ಅನ್ನೋದ ಈಗ ಇಲ್ಲವಾ. ಹೋದ ವರ್ಷ ಜುಲೈದಾಗ ತಗದುಹಾಕಿದ್ರು. ಪ್ರಾಂತ್ಯ ಎಲ್ಲಾ ಕೂಡಿಸಿ ಅರ್ಧಾ ಮಾಡ್ಯಾರ. ಈ ಕಡಲಿನ ಸೀಮಿನ್ನ ಒಯ್ದು ಗುಡ್ಡದಾಗಿನ ಡಾಕ್ ಲಾಕ್ ಅನ್ನೋದಕ್ಕ ಸೇರಿಸ್ಯಾರ. ಕಾರವಾರನ್ನ ಚಿಕ್ಕಮಗಳೂರಿಗೆ ಸೇರಿಸಿದಂಗ. ಜಿಲ್ಲಾ ಅಂತೂ ದೇಶದಾಗ ಎಲ್ಲಿಯೂ ಇಲ್ಲ. ಪ್ರಾಂತ್ಯದ ಕೆಳಗ ಸೀದಾ ಪಂಚಾಯ್ತಿ. ನಾವು ವಿಳಾಸ ಬದಲಿ ಮಾಡಿ ಮಾಡಿ ಸಾಕಾಗಿ ಹೋಗೇವಿ."

ಗೌರಕ್ಕನ ಕೈ ತಟ್ಟೆಯಲ್ಲಿ ನಿಂತಿತು. "ಅಂದ್ರ ಆಕಿ ಜಿಲ್ಲಾ?"

"ಇಲ್ಲ."

"ಊರು?"

"ಊರು ಎಲ್ಲಿ ಹೊಕ್ಕೈತಿ, ಐತಿ. ಹೆಸರು, ಗಡಿ ಎಲ್ಲಾ ಬ್ಯಾರೆ ಆಗ್ಯಾವ. ಹುಡುಗಿಗೆ ಈಗ ಹೇಳಬ್ಯಾಡವಾ. ಸೋಮವಾರ ಐತಿ ಪ್ರೋಗ್ರಾಮು. ಆಮ್ಯಾಲೆ ನಾನ ಸಾವಕಾಶ ಹೇಳ್ತೀನಿ."

"ನಾ ಯಾಕ ಹೇಳಲಿ" ಎಂದಳು ಗೌರಕ್ಕ. ಬಾಯಲ್ಲಿದ್ದ ರೊಟ್ಟಿ ಅವತ್ತು ಸಿಹಿಯೆನಿಸಿತು. ಮತ್ತೊಂದು ಬಡಿಸಿಕೊಂಡಳು. ಇಷ್ಟು ದಿನ ಬೇಲಿಯಾಚೆ ಅಷ್ಟು ದೊಡ್ಡದಾಗಿ ಬೆಳೆದಿದ್ದ ಮುದುಕಿ ಒಮ್ಮೆಲೇ ಸಣ್ಣವಳಾದ ಹಾಗಿತ್ತು. ಹುಡುಗಿಗೆ ತೋರಿಸಲು ಅವಳಿಗೊಂದು ಜಿಲ್ಲೆಯೂ ಇಲ್ಲ!

ಸೋಮವಾರ ಬೆಳಿಗ್ಗೆ ಗೌರಕ್ಕ ಹುಡುಗಿಯ ಜಡೆ ಹಾಕುತ್ತಿದ್ದಳು. ಹುಡುಗಿ ಮಾತಾಡಬೇಕಾದ್ದನ್ನು ಬಾಯಿಪಾಠ ಮಾಡುತ್ತಿದ್ದಳು. ಫು ಯೆನ್, ಟುಯ್ ಆನ್, ಬಾ, ಬಾ, ಮತ್ತೆ ಬಾ. ಹೇಳಬಾರದೆಂದೇ ಗೌರಕ್ಕ ಅಂದುಕೊಂಡಿದ್ದಳು. ಆದರೆ ಎರಡನೆಯ ಜಡೆಗೆ ರಿಬ್ಬನ್ನು ಕಟ್ಟುವಾಗ ಹುಡುಗಿ ತಲೆ ತಿರುಗಿಸಿ, "ಅಜ್ಜಿ, ಬಾ ಸಾಲಿ ಹಾಲಿನ್ಯಾಗ ನನ್ನ ಬಾಜೂಕ ಕುಂಡರ್ತಾಳ. ನೀವು ಹಿಂದ ಕುಂಡರ್ರಿ, ಓಕೆ?" ಎಂದಳು.

"ಆ ಜಿಲ್ಲಾನ ಇಲ್ಲಂತ" ಎಂದಳು ಗೌರಕ್ಕ.

"ವಾಟ್?"

"ನೀ ಬರದಿಯಲ್ಲ, ಆ ಪ್ರಾಂತ್ಯ, ಆ ಜಿಲ್ಲಾ. ಯಾವದೂ ಇಲ್ಲ ಈಗ. ಸರಕಾರದವರು ತಗದುಹಾಕ್ಯಾರ. ನಿಮ್ಮಪ್ಪನ್ನ ಕೇಳು."

"ಆದ್ರ ಬಾ ಹೇಳ್ಯಾಳ..."

"ಸುಳ್ಳು ಹೇಳ್ಯಾಳ ನಿನಗ."

ರಿಬ್ಬನ್ನಿನ ಗಂಟು ಬಿಗಿಯುವ ಮೊದಲೇ ಹುಡುಗಿ ಕೈಯಿಂದ ಜಾರಿಹೋದಳು. ಅಪ್ಪ ಆಗಲೇ ರೈಲು ಹಿಡಿದಾಗಿತ್ತು. ಅಮ್ಮ ಸ್ನಾನಕ್ಕೆ ಹೋಗಿದ್ದಳು. ಆದ್ಯಾ ಅಮ್ಮನ ಟ್ಯಾಬ್ಲೆಟ್ಟಿನಲ್ಲಿ ತಾನೇ ಹುಡುಕಿ ಓದಿದಳು, ತುಟಿ ಕಚ್ಚಿಕೊಂಡಳು. ಹಾಳೆಯನ್ನು ಸುರುಳಿ ಸುತ್ತಿಕೊಂಡು ಹೋಗಿ ಕಾರಿನಲ್ಲಿ ಕೂತಳು. ಹೇಳಿದ್ದರಲ್ಲಿ ಮೊದಲಿನ ಮಾತು ನಿಜ, ಎರಡನೆಯದು ತನ್ನದು ಎಂದು ಗೌರಕ್ಕನಿಗೆ ಗೊತ್ತಿತ್ತು. ಆದರೂ ತನ್ನ ಖಣದ ಕುಪ್ಪಸಕ್ಕೆ ಹೊಂದುವ ಇಳಕಲ್ ಸೀರೆಯುಟ್ಟು ಹೊರಟಳು.

ಶಾಲೆಯ ಹಾಲಿನಲ್ಲಿ ನಾನಾ ದೇಶದ ಮುದುಕ ಮುದುಕಿಯರು ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತಿದ್ದರು. ಹ್ವೇ ಮುಂದಿನ ಸಾಲಿನಲ್ಲಿದ್ದಳು. ಅವತ್ತು ಹೂವಿನ ಪ್ಯಾಂಟಿಲ್ಲ, ನೇರಳೆ ರೇಷ್ಮೆಯ ಉದ್ದನೆಯ ಅಂಗಿ. ಪಕ್ಕದ ಕುರ್ಚಿಯ ಮೇಲೆ ಕೈಚೀಲ ಇಟ್ಟು ಜಾಗ ಹಿಡಿದಿದ್ದಳು. ಗೌರಕ್ಕ ಎರಡು ಸಾಲು ಹಿಂದೆ ಸೊಸೆಯ ಜೊತೆ ಕೂತಳು.

ಆದ್ಯಾಳ ಸರದಿ ಬಂತು. ಅವಳು ಹಾಳೆ ಬಿಡಿಸಿದಳು. ಮೇಲಿನ ದೊಡ್ಡ ಹೆಸರಿನ ಮೇಲೂ, ಹಸಿರು ತುಂಡಿನ ಮೇಲೂ ದಪ್ಪ ಕಪ್ಪು ಗೀಟು ಎಳೆದಿತ್ತು. ತರಗತಿಗೆ ಹೋದ ಮೇಲೆ ಎಳೆದಿರಬೇಕು. ಹುಡುಗಿ ಬಾಯಿಪಾಠ ಮಾಡಿದ್ದನ್ನು ಹೇಳಲಿಲ್ಲ. ಮೇಷ್ಟರ ಹಾಗೆ ನೆಟ್ಟಗೆ ನಿಂತು ಇಂಗ್ಲಿಷಿನಲ್ಲಿ ಎರಡೇ ಮಾತು ಆಡಿದಳು. ಸಂಧ್ಯಾರಾಣಿಯ ಮೈ ಪಕ್ಕದಲ್ಲಿ ಸೆಟೆದದ್ದು ಗೌರಕ್ಕನಿಗೆ ತಿಳಿಯಿತು.

"ಏನಂದ್ಲು?"

"ಈ ಜಾಗಾ ಇಲ್ಲ, ನಮ್ಮ ಪಕ್ಕದ ಮನಿಯವರು ನನಗ ತಪ್ಪು ಹೇಳಿದ್ರು ಅಂತಾಳ, ಅತ್ತಿ. ಯಾಕ ಹಿಂಗ ಮಾಡಿದ್ಲು ಈಕಿ?"

ಪಕ್ಕದ ಮನೆಯವರು. ಬಾ ಅಲ್ಲ. ಗೌರಕ್ಕನಿಗೆ ಒಂದು ಕ್ಷಣ ಎದೆಯಲ್ಲಿ ತಣ್ಣಗಾಯಿತು. ಆ ಕ್ಷಣದಲ್ಲೇ ಹ್ವೇ ಹಿಂದಿರುಗಿ ನೋಡಿದಳು. ಮುದುಕಿಯ ಕಣ್ಣು ಸಾಲುಗಳನ್ನು ದಾಟಿ ನೇರವಾಗಿ ಗೌರಕ್ಕನ ಮುಖದ ಮೇಲೆ ನಿಂತಿತು. ಆಮೇಲೆ ಅವಳು ಎದ್ದು ಚಿತ್ರದ ಹತ್ತಿರ ಹೋದಳು. ಕಪ್ಪು ಗೀಟುಗಳನ್ನು ನೋಡಿದಳು, ಹುಡುಗಿಯ ಅರ್ಧ ಬಿಚ್ಚಿದ ರಿಬ್ಬನ್ನನ್ನು ಕಟ್ಟಿದಳು, ಏನೋ ಮೆಲ್ಲಗೆ ಅಂದಳು. ಕೈಚೀಲ ತೆಗೆದುಕೊಂಡು ಬಾಗಿಲಿನಿಂದ ಹೊರಗೆ ನಡೆದಳು. ಉಪಾಧ್ಯಾಯಿನಿ ಚಪ್ಪಾಳೆ ತಟ್ಟಿದಳು, ಎಲ್ಲರೂ ತಟ್ಟಿದರು.

ಅವತ್ತಿನಿಂದ ಬೇಲಿಯ ಬಾಗಿಲು ತೆರೆಯಲಿಲ್ಲ. ಕೆಲವು ದಿನಗಳಲ್ಲಿ ಹ್ವೇಯ ಮಗ ಬಂದು, ಅಮ್ಮ ಮೆಲ್ಬರ್ನಿಗೆ ಅಕ್ಕನ ಮನೆಗೆ ಹೋದರು, ಅಕ್ಕನಿಗೆ ಹೆರಿಗೆಯಾಗಿದೆ ಎಂದು ಹೇಳಿದ. ಹೆರಿಗೆಯಾದದ್ದು ನಿಜವೇ. ಆದರೆ ಮುದುಕಿ ಮೇ ತಿಂಗಳಲ್ಲಿ ಹೋಗುವುದಾಗಿ ಮೊದಲು ಹೇಳಿದ್ದಳೆಂದು ಸೊಸೆ ನೆನಪಿಸಿಕೊಂಡಾಗ ಗೌರಕ್ಕ ಎದ್ದು ಒಗೆದ ಬಟ್ಟೆ ತರಲು ಹಿತ್ತಲಿಗೆ ಹೋದಳು.

ಬೇಕಾದದ್ದು ಸಿಕ್ಕಿತ್ತು. ಶಾಲೆ ಬಿಟ್ಟ ಮೇಲೆ ಮೊಮ್ಮಗಳು ಈಗ ಅಜ್ಜಿಯ ಕೈಗೇ ಬರುತ್ತಿದ್ದಳು. ಕೊಟ್ಟದ್ದನ್ನು ತಿನ್ನುತ್ತಿದ್ದಳು, ಕೇಳಿದ್ದಕ್ಕೆ ಹೌದು ಅಲ್ಲ ಅನ್ನುತ್ತಿದ್ದಳು, ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಬೇಲಿಯಾಚೆ ಮುದುಕಿ ಇದ್ದಾಗ ಗೌರಕ್ಕನಿಗೆ ಎದುರಾಳಿಯಾದರೂ ಕಣ್ಣಿಗೆ ಕಾಣುತ್ತಿದ್ದಳು. ಅವಳು ಏನು ಮಾಡಿದಳೋ ಅದಕ್ಕಿಂತ ಒಂದು ಕೈ ಮೇಲೆ ಮಾಡಬಹುದಿತ್ತು. ಈಗ ಅವಳು ಮುಚ್ಚಿದ ಕೋಣೆಯೊಳಗೆ ಹುಡುಗಿಯ ಜೊತೆಗೇ ಇದ್ದಳು. ಗೌರಕ್ಕ ಊರಿಗೆ ಫೋನು ಮಾಡಿ ಗಂಡನ ಮುಂದೆ ಹೇಳಿಕೊಂಡಳು. ಅವನು ಎಲ್ಲ ಕೇಳಿಸಿಕೊಂಡು, "ಒಂದ ಎಂಟು ವರ್ಷದ ಕೂಸಿನ ಸಲುವಾಗಿ ಕುಸ್ತಿಗೆ ನಿಂತಿಯಲ್ಲ, ಗೌರಾ" ಎಂದ. ಅವಳು ಫೋನು ಇಟ್ಟುಬಿಟ್ಟಳು.

ಏಪ್ರಿಲ್ ರಜೆಯಲ್ಲಿ ಎಲ್ಲರೂ ಮೆಲ್ಬರ್ನಿಗೆ ಹೋದರು. ಗೌರಕ್ಕನ ಮಗಳು ಹೇಮಲತಾ ಅಲ್ಲಿನ ಟಾರ್ನೀಟ್‌ನಲ್ಲಿದ್ದಳು. ಹೋದ ಮರುದಿನವೇ ಆದ್ಯಾ ಅಪ್ಪನ ತೋಳು ಹಿಡಿದಳು: ಬಾ ಇರುವ ಸನ್‌ಶೈನ್ ಬಡಾವಣೆ ಇಲ್ಲಿಗೆ ಹತ್ತಿರ, ತನ್ನನ್ನು ಕರೆದುಕೊಂಡು ಹೋಗಬೇಕು, ಸಾರಿ ಹೇಳಬೇಕು. ಶಿವಪ್ರಕಾಶ ಕಾರಿನ ಕೀಲಿ ತೆಗೆದುಕೊಂಡ. ಗೌರಕ್ಕ ಚಪ್ಪಲಿ ಮೆಟ್ಟಿಕೊಂಡು ತಾನೂ ಬಂದು ಮುಂದಿನ ಸೀಟಿನಲ್ಲಿ ಕೂತಳು. ಯಾಕೆಂದು ಯಾರೂ ಕೇಳಲಿಲ್ಲ.

ಸನ್‌ಶೈನ್‌ನ ಆ ಮನೆ ಹಳೆಯದು, ಅಂಗಳದ ತುಂಬ ಸೊಪ್ಪಿನ ಮಡಿ. ಹ್ವೇ ಹಿಂದಿನ ವರಾಂಡದಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದಳು. ಆದ್ಯಾ ಓಡಿಹೋಗಿ ಅವಳ ಮಡಿಲಲ್ಲಿ ಮುಖ ಹುದುಗಿಸಿದಳು. ಮುದುಕಿ ಹುಡುಗಿಯ ನೆತ್ತಿ ಮೂಸಿದಳು, ತಮ್ಮಲ್ಲಿ ಮುತ್ತು ಕೊಡುವುದು ಹಾಗೆ ಎಂಬಂತೆ. ಗೌರಕ್ಕನ ಹೊಟ್ಟೆಯಲ್ಲಿ ಆ ಹಳೆಯ ಉರಿ ಎದ್ದಿತು. ತಿರುಗಿ ಕಾರಿಗೆ ಹೋಗಿಬಿಡೋಣ ಅನ್ನಿಸಿತು. ಮಗ ಒಳಗೆ ಮನೆಯವರ ಜೊತೆ ಮಾತಿಗೆ ನಿಂತಿದ್ದ. ಅವಳು ಹೋಗಿ ಎದುರಿನ ಕುರ್ಚಿಯಲ್ಲಿ ಕೂತಳು.

"ಆದ್ಯಾ, ಬಾ ಇಲ್ಲಿ. ನಾ ಹೇಳೋದನ್ನ ಆಕಿಗೆ ಹೇಳು. ಒಂದೂ ಬಿಡಬ್ಯಾಡ." ಗೌರಕ್ಕ ಸೆರಗು ಸರಿಮಾಡಿಕೊಂಡಳು. "ಆಕಿ ಸುಳ್ಳು ಹೇಳ್ಯಾಳ ಅಂತ ನಿನಗ ಹೇಳಿದಾಕಿ ನಾ. ಹೇಳು."

ಹುಡುಗಿ ಅಜ್ಜಿಯನ್ನೇ ನೋಡಿದಳು. ಆಮೇಲೆ ಹೇಳಿದಳು. ಹ್ವೇ ಸೊಪ್ಪಿನಿಂದ ಕಣ್ಣೆತ್ತದೆ ಉತ್ತರ ಕೊಟ್ಟಳು.

"ಬಾಗೆ ಗೊತ್ತಿತ್ತಂತ. ಶಿ ಸೇಸ್..." ಆದ್ಯಾ ತಡವರಿಸಿದಳು. "ಅವತ್ತು ಹಾಲಿನ್ಯಾಗ ನಿಮ್ಮ ಮಾರಿ ನೋಡಿದ್ಲಂತ. ನೀವು ಖುಷಿಯಾಗಿದ್ರಂತ."

ಗೌರಕ್ಕ ಇದಕ್ಕೆ ತಯಾರಾಗಿರಲಿಲ್ಲ. ಇಲ್ಲ ಅನ್ನಬಹುದಿತ್ತು. "ಹೌದು" ಎಂದಳು. "ಖುಷಿ ಆಗಿತ್ತು. ನನಗ ಆಕಿ ಮ್ಯಾಲೆ ಹೊಟ್ಟೀಕಿಚ್ಚು ಅಂತ ಹೇಳು."

"ಹೊಟ್ಟೀಕಿಚ್ಚು ಅಂದ್ರ?"

"ಹೊಟ್ಟ್ಯಾಗ ಬೆಂಕಿ."

ಹುಡುಗಿ ಅದನ್ನು ಹಾಗೆಯೇ ದಾಟಿಸಿದಳು. ಹ್ವೇ ಗಾಬರಿಯಾಗಿ ಸೊಪ್ಪು ಬಿಟ್ಟು ಎದ್ದಳು, ಒಳಗೆ ಹೋಗಿ ಹಸಿ ಶುಂಠಿಯ ಬಿಸಿ ನೀರು ತಂದು ಗೌರಕ್ಕನ ಮುಂದಿಟ್ಟಳು. ಗೌರಕ್ಕ ತಲೆ ಅಲ್ಲಾಡಿಸಿದಳು. ಹೊಟ್ಟೆ ಮುಟ್ಟಿ ತೋರಿಸಿದಳು, ಹುಡುಗಿಯನ್ನು ತೋರಿಸಿದಳು, ಹ್ವೇಯನ್ನು ತೋರಿಸಿದಳು. ಮುದುಕಿ ನಿಂತಲ್ಲೇ ನಿಂತು ಅರ್ಥ ಮಾಡಿಕೊಂಡಳು. ನಗಲಿಲ್ಲ. ಕೂತು, ನಿಧಾನವಾಗಿ ಏನೋ ಹೇಳಿದಳು. ಆದ್ಯಾಳ ಕಣ್ಣು ದೊಡ್ಡದಾಯಿತು.

"ಬಾಗೂ ಇತ್ತಂತ ಅಜ್ಜಿ, ಬೆಂಕಿ! ನೀವು ಇಂಡಿಯಾದಿಂದ ಬರ್ತೀರಂತ ಗೊತ್ತಾದ ಮ್ಯಾಲೆ, ಸ್ವೀಟಿನ್ಯಾಗ ಡಬಲ್ ಸಕ್ಕರಿ ಹಾಕ್ತಿದ್ಲಂತ. ನಾ ಅಲ್ಲೇ ಬರ್ಲಿ ಅಂತ."

ಗೌರಕ್ಕ ಸಿಂಕಿಗೆ ಸುರಿದ ಬಟ್ಟಲು ನೆನೆದು ಶುಂಠಿ ನೀರು ಕುಡಿದಳು. ನಾಲಿಗೆ ಸುಟ್ಟಿತು.

"ಜಿಲ್ಲಾ ಹೋಗಿದ್ದು ಆಕಿಗೆ ಗೊತ್ತಿತ್ತೇನು, ಕೇಳು."

ಗೊತ್ತಿತ್ತು. ಜಿಲ್ಲೆ ತೆಗೆದ ದಿನವೇ ಅವಳ ತಮ್ಮ ಊರಿನಿಂದ ಫೋನು ಮಾಡಿ ಹೇಳಿದ್ದ. ಹ್ವೇ ಒದ್ದೆ ಬೆರಳಿನಿಂದ ಮೇಜಿನ ಮೇಲೆ ಒಂದು ದುಂಡನೆಯ ಗೀಟು ಎಳೆದಳು. ಅವಳು ಹುಟ್ಟಿದಾಗ ಫು ಯೆನ್. ಯುದ್ಧ ಮುಗಿದ ಮೇಲೆ ಪಕ್ಕದ ಪ್ರಾಂತ್ಯದ ಜೊತೆ ಕೂಡಿಸಿ ಫು ಖಾನ್ ಎಂದು ಮಾಡಿದರು. ಅವಳು ಊರು ಬಿಟ್ಟದ್ದು ಆ ಹೆಸರಿನಲ್ಲಿ. ಇಲ್ಲಿ ಬಂದು ಹೊಲಿಗೆ ಕೆಲಸಕ್ಕೆ ಸೇರಿದ ಮೇಲೆ ಮತ್ತೆ ಒಡೆದು ಫು ಯೆನ್ ಮಾಡಿದರು. ಈಗ ಮತ್ತೆ ಅದೂ ಇಲ್ಲ. ಹುಡುಗಿಗೆ ಯಾವುದನ್ನು ಬರೆದುಕೊಡಬೇಕಿತ್ತು? ಅಮ್ಮ ಯಾವ ಹೆಸರು ಹೇಳಿ ತನ್ನನ್ನು ಬೈಯುತ್ತಿದ್ದಳೋ, ಟುಯ್ ಆನ್ ಹುಡುಗಿಯರಿಗೆ ನಾಚಿಕೆಯಿಲ್ಲ ಅಂತ, ಅದನ್ನು ಬರೆದುಕೊಟ್ಟೆ ಎಂದಳು.

ಗೌರಕ್ಕ ತಡೆದುಕೊಳ್ಳಲಿಲ್ಲ. "ನಂದೂ ಹಂಗ ಆಗೇತಿ ಅಂತ ಹೇಳವಾ. ನನ್ನ ತವರು ರೋಣ ತಾಲೂಕು, ಧಾರವಾಡ ಜಿಲ್ಲಾ. ಲಗ್ನ ಆಗಿ ಧಾರವಾಡಕ್ಕ ಬಂದೆ, ಒಂದ ಜಿಲ್ಲಾದಾಗ ಇದ್ದೆ. ಆಮ್ಯಾಲೆ ಜಿಲ್ಲಾ ಒಡದು ಮೂರು ಮಾಡಿದ್ರು. ರೋಣ ಗದಗ ಜಿಲ್ಲಾಕ್ಕ ಹೋತು. ನಿಮ್ಮ ಅಜ್ಜ ನಗತಿದ್ದ, ನಿನ್ನ ತವರು ಪರದೇಶ ಆತು ಅಂತ. ನಾ ಎರಡು ದಿನ ಅಂವಗ ಛಾ ಮಾಡಿಕೊಡಲಿಲ್ಲ."

ಆದ್ಯಾ ದಾಟಿಸುವುದನ್ನೇ ಮರೆತು ನಿಂತಿದ್ದಳು. "ಅಜ್ಜಿ, ನೀವು ಧಾರವಾಡದವರಲ್ಲಾ?"

"ಅಲ್ಲ."

"ನನಗ ಒಮ್ಮೆಯೂ ಹೇಳಿಲ್ಲ ನೀವು."

ನೀ ಯಾವಾಗ ಕೇಳಿದಿ ಎನ್ನುವ ಮಾತು ಗೌರಕ್ಕನ ಬಾಯಿಗೆ ಬಂದಿತ್ತು. ನುಂಗಿಕೊಂಡಳು. "ಮೊದಲ ಆಕಿಗೆ ಹೇಳು, ಕಾಯಾಕತ್ಯಾಳ" ಎಂದಳು. ಹುಡುಗಿ ಹೇಳಿದಳು. ಚಹಾ ಸಿಗದ ಗಂಡನ ಮಾತು ಬಂದಾಗ ಹ್ವೇ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಗೌರಕ್ಕನೂ ಒಂದು ಕಟ್ಟು ಸೊಪ್ಪು ಎಳೆದುಕೊಂಡು ಬಿಡಿಸತೊಡಗಿದಳು.

ಹೊರಡುವ ಹೊತ್ತಾಯಿತು. ಆದ್ಯಾ ಅಪ್ಪನ ಮುಂದೆ ನಿಂತು, ತಾನು ಇವತ್ತು ಇಲ್ಲೇ ಮಲಗುತ್ತೇನೆ, ನಾಳೆ ಬೆಳಿಗ್ಗೆ ಬಾ ಜೊತೆ ಮಾರ್ಕೆಟ್ಟಿಗೆ ಹೋಗಬೇಕು ಎಂದು ಹಟ ಹಿಡಿದಳು. ಶಿವಪ್ರಕಾಶ ಬೇಡವೆನ್ನಲು ಬಾಯಿ ತೆರೆದ. ತಾಯಿಯ ಮುಖ ನೋಡಿದ.

"ಇರಲಿ ಬಿಡು" ಎಂದಳು ಗೌರಕ್ಕ.

ಹೇಳಿದ್ದೇನೋ ಹೇಳಿದಳು. ಟಾರ್ನೀಟ್‌ವರೆಗೆ ಕಾರಿನ ಹಿಂದಿನ ಸೀಟು ಖಾಲಿ ಇತ್ತು, ಮತ್ತೆ ಮತ್ತೆ ಅವಳು ತಿರುಗಿ ನೋಡಿದಳು. ಇಷ್ಟೊತ್ತಿಗೆ ಆ ಮುದುಕಿ ಹುಡುಗಿಯ ಜಡೆ ಬಿಚ್ಚಿ ಬಾಚುತ್ತಿರಬಹುದು ಎಂದುಕೊಂಡಳು. ಮನೆಗೆ ಬಂದು ಹೇಮಲತಾಳ ಮೇಲೆ, ಸಾರಿಗೆ ಉಪ್ಪು ಕಡಿಮೆಯೆಂದು ವಿನಾಕಾರಣ ರೇಗಿದಳು.

ಸಂಜೆ ಸಂಧ್ಯಾರಾಣಿಯ ಫೋನು ರಿಂಗಾಯಿತು. ಆದ್ಯಾಳೇ. ಟ್ಯಾಬ್ಲೆಟ್ಟಿನ ಚಾರ್ಜರ್ ಬಿಟ್ಟು ಬಂದಿದ್ದೇನೆ, ನಾಳೆ ತನ್ನಿ ಎನ್ನಲು ಅಮ್ಮನಿಗೆ ಮಾಡಿದ್ದಳು. ಸೊಸೆ ಮಾತು ಮುಗಿಸಿ ಇನ್ನೇನು ಫೋನು ಇಡಬೇಕು, ಗೌರಕ್ಕ ಕೈ ಚಾಚಿ ತೆಗೆದುಕೊಂಡಳು.

"ಊಟ ಆತೇನವಾ?"

"ಹ್ಞೂಂ ಅಜ್ಜಿ. ಬಾ ಮಾಡಿದ್ಲು."

ಗೌರಕ್ಕ ಕುರ್ಚಿ ಎಳೆದುಕೊಂಡು ಕೂತಳು. "ಏನ್ ಮಾಡಿದ್ಲು?"

ಹುಡುಗಿ ಹೇಳಲು ಶುರುಮಾಡಿದಳು. ಅಕ್ಕಿಯ ತೆಳು ಹಪ್ಪಳ, ಅದನ್ನು ನೀರಲ್ಲಿ ಅದ್ದುವುದು ಹೇಗೆ, ಒಳಗೆ ಸುತ್ತುವ ಸೊಪ್ಪು ಯಾವುದು, ಅದರಲ್ಲಿ ಅಜ್ಜಿ ಬಿಡಿಸಿದ ಸೊಪ್ಪೂ ಇತ್ತು ಅಂತ, ಶೇಂಗಾದ ಚಟ್ನಿಯಲ್ಲಿ ಅದ್ದಿ ತಿಂದದ್ದು, ಆಮೇಲೆ ಸ್ವೀಟು. ಅರ್ಧ ಕನ್ನಡ, ಅರ್ಧ ಇಂಗ್ಲಿಷ್. ಗೌರಕ್ಕನಿಗೆ ಹೊಟ್ಟೆಯಲ್ಲಿ ಉರಿಯುತ್ತಲೇ ಇತ್ತು. ಅವಳು ಫೋನನ್ನು ಇನ್ನಷ್ಟು ಕಿವಿಗೆ ಒತ್ತಿಕೊಂಡು, ಒಂದು ಸಲವೂ ನಡುವೆ ಬಾಯಿ ಹಾಕದೆ, ಕೊನೆಯವರೆಗೂ ಕೇಳಿದಳು.